ಅರವತ್ತು ಕುರ್ಚಿಯ ನಾಟಕಕ್ಕೆ ಇನ್ನೂರು ಕಾರ್ಡು

ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದೂ ಒಂದು ಕೆಲಸವೇ? ಇಬ್ಬರು ಹೆಣ್ಣುಮಕ್ಕಳ ಮದುವೆ, ಒಂದು ಗೃಹಪ್ರವೇಶ, ಎಲ್ಲಕ್ಕೂ ಸುಲ್ತಾನ್‌ಪೇಟೆಗೆ ಹೋಗಿ ಮಾಡಿಸಿದವನು ನಾನೇ. ಹಾಗಾಗಿ ನಮ್ಮ ಬೀದಿಯ ನಾಟಕದ ಚಂದ್ರು, "ಸಾರ್, ಕಾರ್ಡು ಮಾಡಿಸ್ಕೊಡ್ತೀರಾ?" ಎಂದಾಗ, "ಆಯ್ತು ಅಂದ್ಕೋ ಬಿಡಪ್ಪಾ" ಎಂದುಬಿಟ್ಟೆ.

ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಸಂಗೀತ ನಾಟಕವೆಂದರೆ ಭಾರೀ ಸೆಟ್ಟು, ಕುಣಿಯುವವರ ದಂಡು. ಆಗ ಕೆಲವರು ಪುಟ್ಟ ಥಿಯೇಟರಿನಲ್ಲಿ ಸಣ್ಣದಾಗಿ ಮಾಡಿ ಗೆದ್ದರಂತೆ. ಎರಡೇ ಸೆಟ್ಟು, ನಮ್ಮ ನಿಮ್ಮಂಥವರ ಫಜೀತಿ, ಮಾತಿನ ಮಧ್ಯೆಯೇ ಹುಟ್ಟುವ ಹಾಡು. ಚಂದ್ರು ಅದೇ ಧಾಟಿಯಲ್ಲಿ ಕನ್ನಡದ್ದೊಂದು ಬರೆದಿದ್ದ. ಮಲ್ಲೇಶ್ವರದಲ್ಲಿ ಮಹಡಿ ಮೇಲಿನ ಒಂದು ಹಾಲ್, ಅರವತ್ತು ಕುರ್ಚಿ, ಮೈಕಿಲ್ಲ.

ಮೈಕಿಲ್ಲ ಎಂಬ ಕಾರಣಕ್ಕೇ ನನ್ನ ಹೆಂಡತಿ ಸುಮಿತ್ರಾ ಪಾತ್ರಕ್ಕೆ ಒಪ್ಪಿದ್ದು. ಅವಳದು ತೆಳು ದನಿ, ಮೈಕ್ ಕಂಡರೆ ಭಯ. ಮದುವೆಯಾಗಿ ಮೂವತ್ತೆರಡು ವರ್ಷ, ಅಡುಗೆಮನೆ ಬಿಟ್ಟು ಎಲ್ಲೂ ಹಾಡಿದವಳಲ್ಲ. "ಅಷ್ಟು ಚಿಕ್ಕ ಜಾಗದಲ್ಲಾದ್ರೆ ನನ್ನ ದನೀನೂ ಕೇಳ್ಸುತ್ತೆ ಕಣ್ರೀ" ಎಂದು ಒಂದೇ ಒಂದು ಹಾಡಿಗೆ ಎರಡು ತಿಂಗಳು ಅಭ್ಯಾಸ ಮಾಡಿದಳು.

ಕಾರ್ಡಿನಂಗಡಿಯವನು, "ಇನ್ನೂರಕ್ಕೆ ಕಮ್ಮಿ ಹಾಕಲ್ಲ ಸಾರ್. ಒಕ್ಕಣೆ ರೆಡಿ ಇದೆ, ಹೆಸರು, ದಿನ ಕೊಡಿ ಸಾಕು" ಎಂದ. ಕೊಟ್ಟೆ. ಕೆಂಪು ಕಾರ್ಡು, ಚಿನ್ನದ ಬಣ್ಣದ ಅಕ್ಷರ, ಮೇಲೆ ಗಣಪತಿ, ಕೆಳಗೆ "ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ". ಬಲು ಚೆಂದ ಕಂಡಿತು. ಅಚ್ಚಾದ ಕಾರ್ಡನ್ನು ಮನೆಯಲ್ಲಿಟ್ಟು ಪೂಜೆ ಮಾಡುವುದೇ? ಮೂಲೆಗೆ ಅರಿಶಿನ ಹಚ್ಚಿ, ಮನೆಮನೆಗೆ ಹೋಗಿ, "ತಪ್ಪದೇ ಎಲ್ರೂ ಬರ್ಬೇಕು" ಎಂದು ಬಾಯಿತುಂಬ ಕರೆದು, ಇನ್ನೂರನ್ನೂ ಹಂಚಿದೆ.

ಬಂದರು. ಎಲ್ಲರೂ ಬಂದರು! ರೇಷ್ಮೆ ಸೀರೆ, ಕೈಯಲ್ಲಿ ಗಿಫ್ಟ್ ಪ್ಯಾಕೆಟ್ಟು, ಕಂಕುಳಲ್ಲಿ ಮಗು. ಹತ್ತು ನಿಮಿಷದಲ್ಲಿ ಕುರ್ಚಿಗಳು ಮುಗಿದವು. ನನ್ನ ಸೋದರತ್ತೆ ರಂಗದ ಮೇಲಿದ್ದ ಸೋಫಾದಲ್ಲೇ ಕೂತರು. ಅದು ನಾಟಕದ್ದು ಎಂದರೆ, "ಮಂಡಿ ನೋವು ಕಣೋ, ನೀವು ಆಡ್ಕೊಳ್ಳಿ" ಎಂದು ನನಗೇ ಅಪ್ಪಣೆ ಕೊಟ್ಟರು. ಉಳಿದವರು ಮೆಟ್ಟಿಲ ಮೇಲೆ ನಿಂತು ಒಂದೇ ಸಮನೆ ಕೇಳುತ್ತಿದ್ದರು: "ಊಟ ಎಷ್ಟೊತ್ತಿಗೆ?"

ನನಗೆ ತಲೆ ಕೆಟ್ಟುಹೋಯಿತು. ಚಂದ್ರು ಬೈಯಲೂ ಇಲ್ಲ. "ಸಾರ್, ಮೆಟ್ಟಿಲು ನೀವು ನೋಡ್ಕೊಳ್ಳಿ. ಮೇಡಂ ಹಾಡುವಾಗ ಒಂದು ಸದ್ದೂ ಬರ್ಬಾರ್ದು" ಎಂದಷ್ಟೇ ಹೇಳಿದ.

ಸುಮಿತ್ರಾ ಹಾಡಲು ಶುರುಮಾಡಿದಳು. ಮೆಟ್ಟಿಲಲ್ಲಿ ಗುಜುಗುಜು. ಬಾಗಿಲಲ್ಲಿ ನಿಂತು "ಸುಮ್ನಿರ್ರೀ" ಎಂದೆ. ಯಾರೂ ಲೆಕ್ಕಕ್ಕಿಡಲಿಲ್ಲ. ಜೋರಾಗಿ ಹೇಳಿದೆ. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ, "ಅವಳ ದನಿ ಮೆತ್ತಗಿದೆ, ಬಾಯಿ ಮುಚ್ಚಿ ಕೇಳಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಮೆಟ್ಟಿಲು ತಣ್ಣಗಾಯಿತು. ಅಷ್ಟರಲ್ಲಿ ಒಳಗೆ ಹಾಡು ಮುಗಿದಿತ್ತು.

ಮಾರನೆಯ ಬೆಳಿಗ್ಗೆ ಚಂದ್ರು ವಿಡಿಯೋ ಕಳಿಸಿದ. ಕಾಫಿ ಹಿಡಿದು ಇಬ್ಬರೂ ನೋಡಿದೆವು. ಸುಮಿತ್ರಾಳ ತುಟಿ ಆಡುತ್ತಿತ್ತು, ಮುಖ ಅರಳಿತ್ತು. ದನಿ ಮಾತ್ರ ಮೊದಲಿಂದ ಕೊನೆಯವರೆಗೂ ನನ್ನದು. ನನಗೆ ನಿಜಕ್ಕೂ ಅಳು ಬಂದಂತಾಯಿತು.

"ತಪ್ಪಾಯ್ತು ಕಣೇ. ನಿನ್ನ ಹಾಡೇ ಕೇಳಿಸ್ಲಿಲ್ಲ."

"ಮೂವತ್ತೆರಡು ವರ್ಷದಿಂದ್ಲೂ ಹೀಗೇ ಅಲ್ವೇನ್ರೀ" ಎಂದು ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅದೇ ಹಾಡು ಸಣ್ಣಗೆ ಕೇಳಿಬಂತು. ಎಷ್ಟು ಚೆನ್ನಾಗಿತ್ತೆಂದರೆ ತಡೆಯಲಾಗಲಿಲ್ಲ. "ಭೇಷ್ ಕಣೇ, ಹಾಡು ಹಾಡು" ಎಂದು ಕೂತಲ್ಲಿಂದಲೇ ಕೂಗಿದೆ.

ಹಾಡು ನಿಂತುಹೋಯಿತು.