ತುಂಬದ ಟಾಕಿ

ಬೆಳಿಗ್ಗೆ ಬಾಯಿತುಂಬ ನೊರೆ ಮಾಡಿಕೊಂಡು ಹಲ್ಲುಜ್ಜುತ್ತಿದ್ದ ಮುರಗೆಪ್ಪನಿಗೆ ಸಂಡಾಸದ ಒಳಗಿನಿಂದ ಯಾರೋ ಹುಕ್ಕಾ ಎಳೆದಂಥ ಗುಳುಗುಳು ಸದ್ದು ಕೇಳಿಸಿತು. ಬಾಗಿಲು ತಳ್ಳಿ ನೋಡಿದರೆ ಒಳಗೆ ಯಾರೂ ಇರಲಿಲ್ಲ. ಕೆಳಗೆ ಹೋಗಬೇಕಾದ ನೀರು ಮೇಲೆ ಬರುತ್ತಿತ್ತು. ಅದೂ ರಭಸದಿಂದಲ್ಲ; ಪಂಚಾಯ್ತಿಗೆ ಹೊರಟ ಹಿರಿಯರಂತೆ ಗಂಭೀರವಾಗಿ, ಸಾವಕಾಶವಾಗಿ ಏರಿ ಬರುತ್ತಿತ್ತು.

"ಕಾಳವ್ವಾ, ಟಾಕಿ ತುಂಬೇತಿ," ಎಂದ.

ಹೋಳಿಗೆಯ ಹೂರಣ ಮಾಡಲು ಕೂತಿದ್ದ ಹೆಂಡತಿ ಕಾಳವ್ವ ಹಣೆಗೆ ಕೈ ಹಚ್ಚಿಕೊಂಡಳು. ಸಂಡಾಸದ ಟಾಕಿಗೆ ತುಂಬಲು ಬೇರೆ ದಿನವೇ ಸಿಗಲಿಲ್ಲವೇ? ಮಗಳು ಸ್ನೇಹಲಳ ಮಾವ, ಕೊಗನೊಳ್ಳಿಯ ವಿಶ್ವಾಸರಾವ, ಇವತ್ತು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಮಗಳ ಮದುವೆಯಾದ ಮೇಲೆ ಅವರು ಈ ಮನೆಗೆ ಕಾಲಿಡುವುದು ಇದೇ ಮೊದಲು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲೇ 'ಅದು ಎಲ್ಲೈತಿ' ಎಂದು ಕೇಳುವ ಮನುಷ್ಯ.

ಮುರಗೆಪ್ಪ ಬಾಯಿ ಕೂಡ ತೊಳೆಯದೆ ಹಿತ್ತಲಿಗೆ ಓಡಿದ. ಆದರೆ ಅವನು ಮೊದಲು ನೋಡಿದ್ದು ತನ್ನ ಟಾಕಿಯನ್ನಲ್ಲ. ಮೋಟುಗೋಡೆಯ ಮೇಲಿಂದ ಕತ್ತು ಚಾಚಿ ಪಕ್ಕದ ಮನೆಯ ದುಂಡೇಶನ ಟಾಕಿಯನ್ನು ನೋಡಿದ. ಅದು ಎಂದಿನಂತೆ ತಣ್ಣಗಿತ್ತು. ಮುಚ್ಚಳದ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿದ್ದವು. ಆ ಮೆಣಸಿನಕಾಯಿಯನ್ನು ನೋಡಿದ್ದೇ ಮುರಗೆಪ್ಪನ ಹೊಟ್ಟೆಯೊಳಗೆ ಖಾರ ಎದ್ದಿತು.

ಮುರಗೆಪ್ಪ ಕೆಟ್ಟವನಲ್ಲ. ಓಣಿಯಲ್ಲಿ ಯಾರು ಕಾರು ಕೊಂಡರೂ, ಯಾರ ಕಬ್ಬು ಎಷ್ಟು ಎತ್ತರ ಬೆಳೆದರೂ ಅವನು ನಿದ್ದೆ ಕೆಡಿಸಿಕೊಂಡವನಲ್ಲ. ಅವನಿಗೆ ಲೋಕದಲ್ಲಿ ಹೊಟ್ಟೆಕಿಚ್ಚು ಇದ್ದದ್ದು ಒಂದೇ ವಸ್ತುವಿನ ಮೇಲೆ, ಅದು ದುಂಡೇಶನ ಸಂಡಾಸದ ಟಾಕಿ. ಇಬ್ಬರದನ್ನೂ ಒಬ್ಬನೇ ಗೌಂಡಿ ಒಂದೇ ಬೇಸಿಗೆಯಲ್ಲಿ ಒಂದೇ ಅಳತೆಗೆ ಕಟ್ಟಿದ್ದ. ಮುರಗೆಪ್ಪನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ದುಂಡೇಶನ ಮನೆಯಲ್ಲಿ ಮುದುಕಿ ತಾಯಿ, ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಇಬ್ಬರ ಮಕ್ಕಳು ಎಂದು ಊಟಕ್ಕೆ ಕೂತರೆ ಎರಡು ಪಂಕ್ತಿಯಾಗುತ್ತಿತ್ತು. ಆದರೂ ವರ್ಷ ತುಂಬುವ ಮೊದಲೇ ಮುರಗೆಪ್ಪನ ಟಾಕಿ ತುಂಬುತ್ತಿತ್ತು. ದುಂಡೇಶನದು ಕಟ್ಟಿದಂದಿನಿಂದ ಮುಚ್ಚಳ ಎತ್ತಿರಲಿಲ್ಲ.

ಇದರ ಗುಟ್ಟು ಹಿಡಿಯಲು ಮುರಗೆಪ್ಪ ಪಡದ ಪಾಡಿಲ್ಲ. ಗೌಂಡಿಯನ್ನು ಹೋಟೆಲಿಗೆ ಕರೆದು ಭಜಿ ತಿನ್ನಿಸಿ ಕೇಳಿದ್ದ. ಗೌಂಡಿ ಭಜಿ ತಿಂದು, ಚಹಾ ಕುಡಿದು, ನೆಲದ ಗುಣ ಎಂದು ಎದ್ದುಹೋಗಿದ್ದ. ದುಂಡೇಶನ ಮನೆಯವರು ಏನು ತಿನ್ನುತ್ತಾರೆಂದು ವಿಚಾರಿಸಿ, ಅವರಂತೆ ತಾನೂ ಅವರೆಕಾಳು ಬಿಟ್ಟು ಒಂದು ತಿಂಗಳು ಬರೀ ಅನ್ನ ಸಾರು ಉಂಡಿದ್ದ. ಅವನ ಮೈ ಇಳಿಯಿತೇ ಹೊರತು ಟಾಕಿ ಇಳಿಯಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ದುಂಡೇಶನನ್ನೇ ಕೇಳಿದಾಗ ಅವನು ಕಣ್ಣು ಕೆಳಗೆ ಮಾಡಿ, ಎಲ್ಲಾ ನಿಮ್ಮ ಆಶೀರ್ವಾದ ಅಂದಿದ್ದ. ಆ ವಿನಯ ಮುರಗೆಪ್ಪನನ್ನು ಮತ್ತಷ್ಟು ಸುಟ್ಟಿತ್ತು.

ಈಗ ಅವನು ಟಾಕಿ ಹೀರುವ ಗಾಡಿಯ ಮಾಳುವಿಗೆ ಫೋನು ಹಚ್ಚಿದ. ಏಕಸಂಬಿಯಲ್ಲೊಂದು ಮದುವೆಯ ಮಂಗಲ ಕಾರ್ಯಾಲಯದ ಟಾಕಿ ಖಾಲಿ ಮಾಡುತ್ತಿದ್ದೇನೆ, ಮುಗಿಸಿಕೊಂಡು ಬರುತ್ತೇನೆ ಎಂದು ಮಾಳು ಹೇಳಿದ. ಗಾಡಿಯ ಅಬ್ಬರದಲ್ಲಿ ಇನ್ನೇನು ಹೇಳಿದನೋ ತಿಳಿಯಲಿಲ್ಲ. ಮುರಗೆಪ್ಪ ಸಂಡಾಸದ ಬಾಗಿಲಿಗೆ ಚಿಲಕ ಹಾಕಿ, ಈ ಸುದ್ದಿ ಗೋಡೆ ದಾಟಬಾರದೆಂದು ಕಾಳವ್ವನಿಗೆ ತಾಕೀತು ಮಾಡಿದ. ಕಾಳವ್ವ ಹೂರಣ ತಿರುವಿದಳು.

ಅಷ್ಟರಲ್ಲಿ ಗೋಡೆಯ ಮೇಲೆ ದುಂಡೇಶನ ಹೆಂಡತಿ ಕೆಂಪವ್ವನ ಮುಖ ಮೂಡಿತು. ಅಣ್ಣ ಇನ್ನೂ ತೋಟಕ್ಕೆ ಹೋಗಿಲ್ಲವೇ ಎಂದು ಕೇಳಿದಳು. ಇವತ್ತು ಹೋಗುವುದಿಲ್ಲ ಎಂದ ಮುರಗೆಪ್ಪ. ಕೆಂಪವ್ವನ ಮುಖ ಬಾಡಿತು. ಮೂಗು ಅರಳಿಸಿ, "ಟಾಕಿ ತುಂಬೇತೇನ್ರಿ?" ಅಂದಳು. ಅವನು ಹೂಂ ಎನ್ನುವುದರೊಳಗೆ ಮುಖ ಮಾಯವಾಯಿತು. ಆಮೇಲೆ ಅವಳ ನೆಗೆಣ್ಣಿ ಬಂದು ಇಣುಕಿದಳು. ಆಮೇಲೆ ಮೈದುನ ಬಂದು, ಗಾಡಿಗೆ ಹೇಳಿದ್ದೀರಾ ಎಂದು ವಿಚಾರಿಸಿದ. ಕೊನೆಗೆ ದುಂಡೇಶನ ತಾಯಿ ಸುಂದರಾಬಾಯಿ ಕೋಲೂರಿಕೊಂಡು ಓಣಿ ಸುತ್ತಿ ಅಂಗಳಕ್ಕೇ ಬಂದಳು.

"ಯಾರದೋ ಕಣ್ಣು ಬಿದ್ದೈತಪ್ಪಾ ನಿನ್ನ ಟಾಕಿಗೆ," ಎಂದಳು ಮುದುಕಿ ಮರುಗುತ್ತ. "ಲಗೂನ ದುರುಸ್ತ್ ಮಾಡಸು. ತಡಾ ಮಾಡಬ್ಯಾಡ."

ಮುರಗೆಪ್ಪನ ಎದೆಯಲ್ಲಿ ಬೆಂಕಿ ಬಿತ್ತು. ಇಡೀ ಮನೆ ಸಾಲಾಗಿ ಬಂದು ತನ್ನ ಮರ್ಯಾದೆ ಉಕ್ಕಿ ಹರಿಯುವುದನ್ನು ನೋಡಿ ಸಂತೋಷಪಡುತ್ತಿದೆ. ಮೇಲೆ ಮರುಕದ ಮಾತು ಬೇರೆ. ಗಾಡಿ ಬರುವುದರೊಳಗೆ ತಾನೇ ಸರಿಮಾಡಿ ತೋರಿಸುತ್ತೇನೆ ಎಂದು ಅವನು ಹಟ ಹಿಡಿದ.

ಆ ಹಟಕ್ಕೆ ಸರಿಯಾಗಿ ಬಂದವನು ಎದುರುಮನೆಯ ಸಂದೇಶ. ಅವನದು ಬೀಜ ಗೊಬ್ಬರದ ಅಂಗಡಿ. ಬೆಳೆಗೆ ಬಂದ ರೋಗವಿರಲಿ, ಮನುಷ್ಯನಿಗೆ ಬಂದ ರೋಗವಿರಲಿ, ಅವನ ಬಳಿ ಒಂದು ಪುಡಿ ಇದ್ದೇ ಇರುತ್ತಿತ್ತು. ಟಾಕಿಯೊಳಗಿನ ಒಳ್ಳೆಯ ಹುಳಗಳು ಸತ್ತಿವೆ, ಅವನ್ನು ಮತ್ತೆ ಹುಟ್ಟಿಸಿದರೆ ಅವು ಎಲ್ಲವನ್ನೂ ತಿಂದು ತೇಗುತ್ತವೆ ಎಂದು ಅವನು ವಿವರಿಸಿದ. ಬೆಲ್ಲ, ಹುಳಿಮಜ್ಜಿಗೆ, ಸೆಗಣಿ, ಮೇಲೆ ಅಂಗಡಿಯ ಒಂದು ಬಿಳಿ ಪುಡಿ ಕಲಸಿ ಬಕೆಟ್ಟುಗಟ್ಟಲೆ ಸುರಿಸಿದ. ಹೋಳಿಗೆಗೆಂದು ತಂದಿದ್ದ ಬೆಲ್ಲದಲ್ಲಿ ಅರ್ಧ ಹೀಗೆ ಹೋಯಿತು. ಕಾಳವ್ವ ತಡೆದಳು, ಮುರಗೆಪ್ಪ ಕೇಳಲಿಲ್ಲ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಂಡಾಸದ ಬಾಗಿಲ ಕೆಳಗಿನ ಸಂದಿಯಿಂದ ಒಲೆಯ ಮೇಲೆ ಮರೆತ ಹಾಲಿನಂತೆ ನೊರೆ ಉಕ್ಕಿ ಬಂತು. ಹಿತ್ತಲು ದಾಟಿತು, ಬಚ್ಚಲ ಮುಂದಿನ ಕಲ್ಲು ದಾಟಿತು. ವಾಸನೆ ಅದಕ್ಕಿಂತ ಮುಂದೆ ಹೋಗಿತ್ತು. ಓಣಿಯ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತು, ಒಮ್ಮೆ ಸೀನಿ, ಬೇರೆ ಓಣಿಗೆ ಹೋಯಿತು. ಸಂದೇಶ ಮೂಗಿಗೆ ಟವೆಲು ಒತ್ತಿಕೊಂಡೇ, ಹುಳಗಳು ಹುಟ್ಟಿವೆ, ಪವರ್ ತುಸು ಜಾಸ್ತಿಯಾಗಿದೆ ಅಷ್ಟೇ ಎಂದು ಹೇಳಿ, ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾರೆಂದು ಜಾರಿಕೊಂಡ.

ಮಾಳುವಿನ ಗಾಡಿ ಬಂದಾಗ ಹೊಸ ತೊಡಕು. ಮುರಗೆಪ್ಪನ ಹಿತ್ತಲಿನ ದಾರಿಯಲ್ಲಿ ಗಟಾರಕ್ಕೆಂದು ಅಗೆದಿದ್ದರು. ಪೈಪು ಮುಟ್ಟಬೇಕಾದರೆ ಗಾಡಿ ದುಂಡೇಶನ ಅಂಗಳದಲ್ಲೇ ನಿಲ್ಲಬೇಕು. ಈ ಬಾಯಿಂದ ದುಂಡೇಶನನ್ನು ಕೇಳುವುದಕ್ಕಿಂತ ನೊರೆಯಲ್ಲಿ ಮುಳುಗುವುದು ಮೇಲು ಎಂದು ಮುರಗೆಪ್ಪ ಲೆಕ್ಕ ಹಾಕುತ್ತಿದ್ದ. ಆದರೆ ಯಾರೂ ಕೇಳುವ ಮೊದಲೇ ದುಂಡೇಶ ತನ್ನ ಟ್ರ್ಯಾಕ್ಟರು ಹೊರಗೆ ತೆಗೆದ, ಗೇಟು ತೆರೆದ, ಮಾಳುವಿಗೆ ಚಹಾ ಕೊಡಿಸಿದ. ಅವನ ತಮ್ಮ ಪೈಪು ಹಿಡಿದು ಗೋಡೆ ದಾಟಿಸಿದ. ಮುದುಕಿ ಗೋಡೆಯ ಪಕ್ಕ ಪೀಠ ಹಾಕಿಸಿಕೊಂಡು ಕೂತು, ಎಷ್ಟಾತು, ಎಷ್ಟಾತು ಎಂದು ಕೇಳುತ್ತಲೇ ಇದ್ದಳು. ನೆರೆದ ಓಣಿಯವರು ನೆರೆಯವನೆಂದರೆ ದುಂಡೇಶನಂತಿರಬೇಕು ಎಂದು ಮುರಗೆಪ್ಪನ ಕಿವಿಗೆ ಬೀಳುವಂತೆ ಮಾತಾಡಿಕೊಂಡರು.

ಪೈಪು ಹಾವಿನಂತೆ ಹೊರಳುತ್ತಿದ್ದ ಆ ಗಳಿಗೆಯಲ್ಲೇ ವಿಶ್ವಾಸರಾವರ ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿ. ಅವರು ಇಳಿದವರೇ ಗಾಡಿಯನ್ನು ನೋಡಿದರು, ಪೈಪು ನೋಡಿದರು, ಬೀಗರನ್ನು ನೋಡಿದರು. ಅವರ ಮುಖದಲ್ಲಿ ಕೊಗನೊಳ್ಳಿಯಿಂದ ಇಲ್ಲಿಯವರೆಗೆ ತಡೆದು ತಂದ ಅವಸರವಿತ್ತು.

"ಪೈಲೇ ಅದು ಎಲ್ಲೈತಿ ಹೇಳ್ರಿ, ಮುರಗೆಪ್ಪಾರ. ನಮಸ್ಕಾರ ಆಮ್ಯಾಲ ಮಾಡೂಣು."

ಬೇರೆ ದಾರಿಯೇ ಇಲ್ಲದೆ ಜನ್ಮದಲ್ಲಿ ಮೊದಲ ಸಲ ಮುರಗೆಪ್ಪ ದುಂಡೇಶನ ಕಡೆ ತಿರುಗಿ, ಬೀಗರಿಗೆ ನಿನ್ನ ಸಂಡಾಸ ತೋರಿಸು ಎಂದು ಕೇಳಿದ.

ದುಂಡೇಶ ಗೇಟಿನ ಕಡೆ ನೋಡಿದ. ಕೀಲಿ ಸಿಗುತ್ತಿಲ್ಲ ಎಂದ. ಮನೆಯ ಸಂಡಾಸಕ್ಕೆ ಎಂಥ ಕೀಲಿ ಎಂದು ಮುರಗೆಪ್ಪ ಕೇಳಿದರೆ, ಒಳಗೆ ತುಸು ಸಾಮಾನು ಇದೆ ಎಂದು ತೊದಲಿದ. ಕೆಂಪವ್ವ ಕಾಳವ್ವನ ಮುಖ ನೋಡಿದಳು, ಕಾಳವ್ವ ನೆಲ ನೋಡಿದಳು. ಮುರಗೆಪ್ಪನ ಕಣ್ಣಲ್ಲಿ ಬೆಳಿಗ್ಗೆಯಿಂದ ಇಲ್ಲದ ಬೆಳಕು ಬಂತು. ಟ್ರ್ಯಾಕ್ಟರು ತೆಗೆದ, ಚಹಾ ಕೊಟ್ಟ ದೊಡ್ಡ ಮನುಷ್ಯನ ನಿಜವಾದ ಬಣ್ಣ ಈಗ ಹೊರಬಿದ್ದಿತ್ತು. ಅವನು ಇಡೀ ಓಣಿಗೆ ಕೇಳುವಂತೆ, ಮನೆಗೆ ಬಂದ ಹಿರಿಯರಿಗೆ ಸಂಡಾಸ ಕೊಡದವನ ಅಂಗಳ ಎಷ್ಟು ದೊಡ್ಡದಿದ್ದರೇನು ಎಂದು ಹೇಳಿದ. ವಿಶ್ವಾಸರಾವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು.

ಕೊನೆಗೆ ಕೆಂಪವ್ವ ಸೊಂಟದಿಂದ ಕೀಲಿ ತೆಗೆದಳು.

ಬಾಗಿಲು ತೆರೆದಾಗ ಮೊದಲು ಹೊರಗೆ ಉರುಳಿದ್ದು ಉಳ್ಳಾಗಡ್ಡಿ. ಅದರ ಹಿಂದೆ ಬೆಳ್ಳುಳ್ಳಿಯ ಗೊಂಚಲು, ಬೀಜದ ಶೇಂಗಾ ಚೀಲ, ಮಡಚಿಟ್ಟ ಚಾಪೆಗಳು. ಗೋಡೆಗೆ ನೀಲಿ ಬಣ್ಣದ ಟೈಲ್ಸು. ನಡುವೆ ಸಿಂಹಾಸನದಂತೆ ಒಂದು ಬಿಳಿ ಕಮೋಡು. ಅದರ ಕಂಪನಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಗೇ ಇತ್ತು.

ಮುರಗೆಪ್ಪ ಬಿಟ್ಟ ಬಾಯಿ ಮುಚ್ಚದೆ ನಿಂತ. ಆಮೇಲೆ ನಗು ಒಳಗಿನಿಂದ ಎದ್ದು ಬಂತು. ಇದಕ್ಕೇ ಅಲ್ಲವೇ ಟಾಕಿ ತುಂಬದಿರುವುದು. ಒಂದು ಹನಿಯೂ ಬೀಳದ ಟಾಕಿ ಹೇಗೆ ತುಂಬೀತು? ಈ ಖಾಲಿ ಗುಂಡಿಗೆ ತಾನು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ. ಅವನು ಕಣ್ಣೊರೆಸಿಕೊಳ್ಳುತ್ತ ನಕ್ಕ, ಓಣಿಯವರೂ ನಕ್ಕರು. ದುಂಡೇಶ ತಲೆ ತಗ್ಗಿಸಿದ. ಮುರಗೆಪ್ಪನಿಗೆ ಇಂಥ ಸುಖ ಮಗಳ ಮದುವೆಯಲ್ಲೂ ಸಿಕ್ಕಿರಲಿಲ್ಲ. ಆ ಸುಖದ ಭರದಲ್ಲೇ ಅವನು ಕೇಳಬಾರದ ಮಾತು ಕೇಳಿಬಿಟ್ಟ.

"ಹಂಗಾರ ಇಷ್ಟು ಮಂದಿ ಎಲ್ಲಿಗೆ ಹೋಗ್ತೀರೋ ದುಂಡೇಶಾ?"

ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಉತ್ತರ ಕೊಟ್ಟವಳು ಪೀಠದ ಮೇಲೆ ಕೂತಿದ್ದ ಸುಂದರಾಬಾಯಿ.

"ಎಲ್ಲಿ ಹೋಗೂದಪ್ಪಾ, ನಿಮ್ಮ ಮನೀಗೇ ಬರ್ತೀವಿ. ನೀ ತೋಟದ ಹಾದಿ ಹಿಡದಿ ಅಂದ್ರ ಕಾಳವ್ವ ಹಿತ್ತಲ ಬಾಗಲಾ ತಗೀತಾಳ. ಬಂಗಾರದಂಥಾ ಹೆಣಮಗಳು."

ಮುರಗೆಪ್ಪ ಹೆಂಡತಿಯ ಕಡೆ ತಿರುಗಿದ. ಕಾಳವ್ವ ಈಗ ತಲೆ ಎತ್ತಿದಳು. ಸಂಡಾಸ ಕಟ್ಟಿಸಿದ ಮೊದಲ ದಿನವೇ ಮುದುಕಿ ಪ್ಲಾಸ್ಟಿಕ್ ಕೂಡ ತೆಗೆಯದ ಆ ಬಿಳಿ ಖುರ್ಚಿಯಿಂದ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದಳಂತೆ. ಬಾಗಿಲಿಗೆ ಬಂದು ಕೈಮುಗಿದವಳಿಗೆ ಬೇಡ ಎನ್ನಲು ತಾನೇನು ರಾಕ್ಷಸಿಯೇ ಎಂದು ಕಾಳವ್ವ ಕೇಳಿದಳು. ಮುದುಕಿಯದು ಸರಿ, ಉಳಿದವರಿಗೆ ಏನಾಗಿತ್ತು ಎಂದು ಮುರಗೆಪ್ಪ ಕ್ಷೀಣ ದನಿಯಲ್ಲಿ ಕೇಳಿದ.

"ಅತ್ತಿ ಕುಂಡ್ರದ ಖುರ್ಚಿ ಮ್ಯಾಲೆ ಸೊಸೆದೇರು ಹೆಂಗ ಕುಂಡ್ರೂದ್ರಿ?" ಎಂದಳು ಕೆಂಪವ್ವ. ಗಂಡಸರೂ ಮಕ್ಕಳೂ ಒಳಗೆ ಹೋಗಬೇಕೆಂದರೆ ಅಷ್ಟರಲ್ಲಿ ಉಳ್ಳಾಗಡ್ಡಿ ಬಂದು ಕೂತಿದ್ದವು.

ಮಾಳು ಪೈಪು ಸುತ್ತುತ್ತ, ಇಬ್ಬರಿರುವ ಮನೆಯಲ್ಲಿ ಇಷ್ಟು ಮಾಲು ಹೇಗೆಂದು ತನಗೂ ಅನುಮಾನವಿತ್ತು ಎಂದ. ಬೆಳಿಗ್ಗೆಯಿಂದ ಗೋಡೆಯ ಮೇಲೆ ಮೂಡಿದ ಒಂದೊಂದು ಮುಖವೂ ಮುರಗೆಪ್ಪನ ಕಣ್ಣ ಮುಂದೆ ಹಾದುಹೋಯಿತು. ಅವರು ಸಂತೋಷಪಡಲು ಬಂದಿರಲಿಲ್ಲ. ಪಾಪ, ತಡೆಯಲಾರದೆ ಬಂದಿದ್ದರು.

ಇತ್ತ ವಿಶ್ವಾಸರಾವರಿಗೆ ಇದಾವುದೂ ಬೇಕಿರಲಿಲ್ಲ. ಅವರೇ ಶೇಂಗಾ ಚೀಲವನ್ನು ಕಾಲಿನಿಂದ ಸರಿಸಿ, ಪ್ಲಾಸ್ಟಿಕ್ ಹರಿದು, ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವರ ಮುಖ ಸ್ನಾನ ಮಾಡಿದವರಂತೆ ತಂಪಾಗಿತ್ತು. ಒಂದ್ ನಂಬರ್ ವ್ಯವಸ್ಥೆ ಎಂದು ದುಂಡೇಶನ ಬೆನ್ನು ತಟ್ಟಿದರು. ಊಟಕ್ಕೆ ಕೂತಾಗಲೂ ಅವರು ಹೋಳಿಗೆಯ ಮಾತೆತ್ತಲಿಲ್ಲ, ಕಮೋಡಿನ ಮಾತೇ ಆಡಿದರು. ಅಂಥದೊಂದು ಇಲ್ಲಿಯೂ ಇದ್ದಿದ್ದರೆ ತಾನು ಆಗಾಗ ಬಂದು ಎರಡು ದಿನ ಇದ್ದು ಹೋಗಬಹುದಿತ್ತು ಎಂದರು. ಉಂಡು ಕೈತೊಳೆದು ಮತ್ತೆ ಗೋಡೆಯಾಚೆ ಹೋದರು.

ಮುರಗೆಪ್ಪನಿಗೆ ಬೆಳಿಗ್ಗೆಯಿಂದ ಗಡಿಬಿಡಿಯಲ್ಲಿ ತನ್ನ ಹೊಟ್ಟೆಯ ನೆನಪೇ ಆಗಿರಲಿಲ್ಲ. ಈಗ ಅದು ತಾನಾಗಿ ನೆನಪು ಮಾಡಿಕೊಟ್ಟಿತು. ಟಾಕಿ ಖಾಲಿಯಾಗಿತ್ತು, ಹಿತ್ತಲು ತೊಳೆದಾಗಿತ್ತು. ತಂಬಿಗೆ ಹಿಡಿದು ಹೋದರೆ ಬಾಗಿಲು ಒಳಗಿನಿಂದ ಹಾಕಿತ್ತು. ಸುಂದರಾಬಾಯಿ ಒಳಗೆ ಸಾವಕಾಶವಾಗಿ ಕೆಮ್ಮುತ್ತಿದ್ದಳು. ಬಾಗಿಲ ಮುಂದೆ ದುಂಡೇಶ, ಅವನ ಹಿಂದೆ ತಮ್ಮ. ಗುಟ್ಟು ಹೊರಬಿದ್ದ ಮೇಲೆ ಇನ್ನು ಮುರಗೆಪ್ಪ ತೋಟಕ್ಕೆ ಹೋಗುವವರೆಗೆ ಕಾಯುವ ಸಂಕೋಚವೂ ಅವರಿಗೆ ಉಳಿದಿರಲಿಲ್ಲ. ಮುರಗೆಪ್ಪ ತಂಬಿಗೆ ಹಿಡಿದು ತನ್ನ ಮನೆಯ ಸಂಡಾಸದ ಮುಂದೆ ಮೂರನೆಯವನಾಗಿ ನಿಂತ.

ಗೋಡೆಯಾಚೆಯಿಂದ ಬೀಗರು ನೀರು ಬಿಟ್ಟ ಸದ್ದು ಕೇಳಿಸಿತು. ದೊಡ್ಡ ಗವಾಯಿ ಗಂಟಲು ಸರಿಮಾಡಿಕೊಂಡು ಆಲಾಪ ಎತ್ತಿದಂತೆ ಅದು ಗಂಭೀರವಾಗಿ ಶುರುವಾಗಿ, ಏರಿ, ಸಣ್ಣಗೆ ಇಳಿದು ನಿಂತಿತು. ಮುರಗೆಪ್ಪ ಕಿವಿಗೊಟ್ಟು ಕೇಳಿದ. ತನ್ನದರಲ್ಲಿ ಎಷ್ಟು ಬಕೆಟ್ಟು ಸುರಿದರೂ ಧಬ್ ಎನ್ನುವ ಒಂದೇ ಸದ್ದು. ಅವನ ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಹೊಸ ಕಿಚ್ಚು ಹತ್ತಿತು.

ತಡೆಯಲಾರದೆ ದುಂಡೇಶನ ಭುಜ ಮುಟ್ಟಿ, ಆ ಕಮೋಡು ಎಲ್ಲಿಂದ ತಂದೆ ಎಂದು ಮೆಲ್ಲಗೆ ಕೇಳಿದ.

ದುಂಡೇಶ ಗಾಬರಿಯಾಗಿ ಹಿಂದೆ ತಿರುಗಿದ.

"ನೀ ಕಮೋಡು ಕುಂಡ್ರಸಬ್ಯಾಡ ಮುರಗೆಪ್ಪಣ್ಣಾ, ಕೈ ಮುಗೀತೀನಿ. ಆಮ್ಯಾಲ ನಾವೆಲ್ಲಾ ಎಲ್ಲಿಗೆ ಹೋಗೂದು?"