ಬಿಸಿಲಿಗೆ ಹಾಕಿದ ಕೊಬ್ಬರಿ

ಬಿಸಿಲೂ ಒಂದು ಔಷಧಿ ಎಂದು ತುಮಕೂರಿನ ಚರ್ಮದ ಡಾಕ್ಟರು ಹೇಳಿದಾಗ ನಾನು ಸಂತೋಷಪಡಬೇಕಿತ್ತು. ಪುಕ್ಕಟೆ ಸಿಗುವ ಔಷಧಿ, ಕಹಿಯೂ ಇಲ್ಲ. ಆದರೆ ತಿಪಟೂರು ಸೀಮೆಯಲ್ಲಿ ಬಾಳುವೆ ಮಾಡುವ ಹೆಂಗಸಿಗೆ ಬಿಸಿಲಿನಷ್ಟು ದುರ್ಲಭವಾದದ್ದು ಇನ್ನೊಂದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ತೋಟಕ್ಕೆ ಹೋದರೆ ಎಲ್ಲಿ ನೋಡಿದರೂ ತೆಂಗಿನ ನೆರಳು. ಗರಿಗಳ ನಡುವೆ ತಟ್ಟೆಯಗಲ ಬಿಸಿಲು ಬಿದ್ದಿದೆಯಲ್ಲ ಎಂದು ಹೋಗಿ ಕೂರುವಷ್ಟರಲ್ಲಿ ಅದು ಪಕ್ಕದ ಪಾತಿಗೆ ಸರಿದಿರುತ್ತದೆ. ಬಯಲಿಗೆ ಬಂದರೆ ರಸ್ತೆ, ರಸ್ತೆಯ ತುಂಬ ನೆಂಟರು. "ಮೊಣಕೈ, ಮೊಣಕಾಲು, ಬೆನ್ನು, ಎಲ್ಲಕ್ಕೂ ಎಳೆಬಿಸಿಲು ಬೀಳಲಿ. ಆದರೆ ಕೆಂಪಗಾಗುವಷ್ಟು ಹೊತ್ತು ಕೂರಬೇಡಿ, ಸುಟ್ಟುಕೊಂಡರೆ ಇನ್ನೂ ಜಾಸ್ತಿಯಾಗುತ್ತೆ" ಎಂದರು ಡಾಕ್ಟರು. ಬೆನ್ನಂತೆ! ಸೆರಗು ಜಾರಿದರೆ ಗೋಡೆಗೂ ನಾಚುವ ಮನೆ ನಮ್ಮದು.

ನನಗಿರುವುದು ಸೋರಿಯಾಸಿಸ್. ಮೈಮೇಲೆ ಅಲ್ಲಲ್ಲಿ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗೆ ಉದುರುವ ಹೊಟ್ಟು. ಯಾರಿಗೂ ಅಂಟುವುದಿಲ್ಲ. ಹಾಗೆಂದು ಡಾಕ್ಟರು ಒತ್ತಿ ಒತ್ತಿ ಹೇಳಿದರು, ಆದರೆ ಹೋದಲ್ಲೆಲ್ಲ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಲಾಗುತ್ತದೆಯೇ? ಆದ್ದರಿಂದ ಕಡುಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟು, ಯಾರಾದರೂ ಕೇಳಿದರೆ ಈಗ ಇದೇ ಫ್ಯಾಷನ್ ಎನ್ನುತ್ತಿದ್ದೆ. ಪಾಪ, ಒಂದಿಬ್ಬರು ನಂಬಿ ಹೊಲಿಸಿಕೊಂಡೂಬಿಟ್ಟರು.

ಇದು ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತಂಗಿಯ ಮನೆಗೆ ಹೋದಾಗ ನನ್ನ ಮಗಳು ಸುಮ ಈಜು ಕಲಿಸು ಎಂದು ಹಟ ಹಿಡಿದಳು. ನಾನು ಈಜು ಕಲಿತದ್ದು ಹಂದನಕೆರೆಯ ತವರುಮನೆಯ ಬಾವಿಯಲ್ಲಿ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಆ ಪ್ರತಾಪವನ್ನು ಅವಳಿಗೆ ನೂರು ಸಲ ಕೊಚ್ಚಿಕೊಂಡಿದ್ದೆ. ತಂಗಿಯ ಮನೆ ಹತ್ತಿರದ ಈಜುಕೊಳದಲ್ಲಿ ಹೆಂಗಸರಿಗೆಂದೇ ಒಂದು ಗಂಟೆ ಮೀಸಲಿತ್ತು. ಬಾಗಿಲಲ್ಲಿದ್ದ ಆಯಾ ನನ್ನ ಮೊಣಕೈ ನೋಡಿ, "ಏನ್ ಮೇಡಂ ಅದು?" ಎಂದಳು. ಕೇಳಿದಳು, ಅಷ್ಟೆ. ಹೇಳಿದ್ದರೆ ಮುಗಿಯುತ್ತಿತ್ತು. ನಾನೋ "ಬಟ್ಟೆ ತಂದಿಲ್ಲ, ಮಗಳು ಮಾತ್ರ ಇಳೀತಾಳೆ" ಎಂದು, ಬಟ್ಟೆಯಿದ್ದ ಚೀಲವನ್ನೇ ತೊಡೆಯ ಮೇಲಿಟ್ಟುಕೊಂಡು ದಡದಲ್ಲಿ ಕೂತೆ. ಸುಮ ಕೊಳದಂಚಿನ ಕಂಬಿ ಹಿಡಿದುಕೊಂಡು "ಅಮ್ಮಾ, ಬಾ" ಎಂದು ಕರೆಯುತ್ತಲೇ ಇದ್ದಳು. ಕೊನೆಯವರೆಗೂ ಕಂಬಿ ಬಿಡಲಿಲ್ಲ. ಅವತ್ತು ನನಗೆ ಬಹಳ ಸಂಕಟವಾಯಿತು.

ಊರಿಗೆ ಬಂದವಳೇ ಬಿಸಿಲಿನ ಔಷಧಿ ಶುರುಮಾಡಿದೆ. ತಾರಸಿಯ ಮೇಲೆ ಸೀರೆಗಳನ್ನು ಸುತ್ತ ಒಣಹಾಕಿ, ನಡುವೆ ಚಾಪೆ ಹಾಸಿ, ಲಂಗ ಎದೆಗೆ ಕಟ್ಟಿ, ಮಚ್ಚೆಗಳಿಗೆ ಎಣ್ಣೆ ಸವರಿ ಬೋರಲಾಗಿ ಮಲಗುತ್ತಿದ್ದೆ. ಮೆಟ್ಟಿಲ ಬುಡದಲ್ಲಿ ನಮ್ಮತ್ತೆ ಸಿದ್ದಮ್ಮನವರ ಕಾವಲು. ಒಂದು ದಿನ ಪಕ್ಕದ ಮನೆಯ ರುದ್ರಮ್ಮ ಬಂದರು. ಅವರ ಯಜಮಾನರು ಕೊಬ್ಬರಿ ವ್ಯಾಪಾರಿ.

"ಏನ್ ಸಿದ್ದಮ್ಮಕ್ಕ, ಮೆಟ್ಲಲ್ಲಿ ಕುಂತಿದೀಯ?"

"ಮ್ಯಾಲೆ ಕೊಬ್ರಿ ಒಣಾಕಿದೀವಿ ಕಣೇ. ಕಾಗೆ ಕಾಯ್ತಿದೀನಿ" ಎಂದರು ಅತ್ತೆ.

ಅತ್ತೆಯ ಬಾಯಿಗೆ ಬೇರೆ ಸುಳ್ಳೇ ಸಿಗಲಿಲ್ಲವೇ! ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ವರ್ಷದ ಹತ್ತಿರ ನೆರಳಲ್ಲೇ ಬಿಟ್ಟು, ಒಳಗೆ ಉಂಡೆ ಕೊಬ್ಬರಿಯಾಗಿ ಗುಡುಗುಡು ಎಂದ ಮೇಲೆ ಇಳಿಸುತ್ತಾರೆ. ಕಾಗೆಗೆ ಅಲ್ಲೇನು ಕೆಲಸ? ಕೊಬ್ಬರಿಯವರ ಮನೆಯಲ್ಲೇ ಮುದುಕಿಯಾಗುತ್ತಿದ್ದ ರುದ್ರಮ್ಮ ಇದನ್ನು ನಂಬುತ್ತಾರೆಯೇ?

"ಅಯ್ಯೋ, ಬಿಸ್ಲಿಗಾಕಿದ್ರೆ ಬಿರುಕು ಬುಡಲ್ವಾ? ಯಾರಕ್ಕ ಹೇಳ್ಕೊಟ್ಟೋರು ನಿಮ್ಗೆ?" ಎನ್ನುತ್ತಾ ಅತ್ತೆಯನ್ನು ದಾಟಿ ಮೆಟ್ಟಿಲು ಹತ್ತಿದರು. ಸೀರೆ ಸರಿಯಿತು. ಎಣ್ಣೆ ಬಳಿದುಕೊಂಡು ಮಲಗಿದ್ದ ಕೊಬ್ಬರಿ ಅವರ ಕಣ್ಣಿಗೆ ಬಿತ್ತು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾಳೆ ಇವರ ಮನೆಯ ಅರಿಶಿನ ಕುಂಕುಮಕ್ಕೆ ಕರೆ ಬರುವುದಿಲ್ಲ, ನಾನು ಬಡಿಸಿದ್ದನ್ನು ಯಾರೂ ಉಣ್ಣುವುದಿಲ್ಲ ಎಂದುಕೊಂಡೆ. ರುದ್ರಮ್ಮ ಬಗ್ಗಿ ನನ್ನ ಬೆನ್ನು ನೋಡಿದರು.

"ಅಂಟ್ತದೇನವ್ವ?"

"ಇಲ್ಲ ರುದ್ರಮ್ಮನೋರೆ."

"ಇಷ್ಟೇನಾ! ನಾನು ಒಳ್ಳೆ ಕೊಬ್ರಿ ಹಾಳು ಮಾಡ್ತಾವ್ರಲ್ಲಾ ಅಂತ ಓಡ್ಬಂದೆ" ಎಂದು ಏದುಸಿರು ಬಿಡುತ್ತಾ ಚಾಪೆಯ ತುದಿಗೇ ಕೂತರು. ಆಮೇಲೆ, "ಮಗ್ಗಲು ಬದಲಾಯ್ಸವ್ವ. ಒಂದೇ ಕಡೆ ಒಣುಗ್ತಿದೀಯ" ಎಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮಚ್ಚೆಗಳು ಪೂರ್ತಿ ಹೋಗಲಿಲ್ಲ, ತಿಳಿಯಾದವು. ಮುಂದಿನ ರಜೆಯಲ್ಲಿ ಮತ್ತೆ ಈಜುಕೊಳಕ್ಕೆ ಹೊರಟೆ. ಕೊಳದ ನೀರಿಗೆ ಹಾಕುವ ಔಷಧಿ ಚರ್ಮವನ್ನು ಒಣಗಿಸುತ್ತದೆ, ನೀರಿನಿಂದೆದ್ದ ತಕ್ಷಣ ಒಳ್ಳೆ ನೀರಲ್ಲಿ ಮೈ ತೊಳೆದು ಎಣ್ಣೆ ಹಚ್ಚಿ ಎಂದಿದ್ದರು ಡಾಕ್ಟರು. ಎಣ್ಣೆಗೇನು, ಸೀಸೆ ತುಂಬ ಒಯ್ದೆ. "ಇದು ಸೋರಿಯಾಸಿಸ್, ಅಂಟುವುದಿಲ್ಲ" ಎನ್ನುವ ಮಾತನ್ನು ತಿಪಟೂರಿನಿಂದ ಬಸ್ಸಿನುದ್ದಕ್ಕೂ ಉರುಹೊಡೆದೆ. ಬಾಗಿಲಲ್ಲಿ ಅದೇ ಆಯಾ ಹೂ ಕಟ್ಟುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ. ನೀರಿಗಿಳಿದೆ. ಮೊದಲು ಚುರುಗುಟ್ಟಿತು, ಆಮೇಲೆ ಮರೆತುಹೋಯಿತು. ಸುಮಳ ಹೊಟ್ಟೆಯಡಿ ಕೈಯಿಟ್ಟೆ. ಅವಳು ಕಂಬಿ ಬಿಟ್ಟಳು.

ಆದರೂ ಉರುಹೊಡೆದ ಮಾತು ಬಾಯಲ್ಲೇ ಉಳಿದಿತ್ತಲ್ಲ. ಯಾರೂ ನನ್ನ ಕಡೆ ನೋಡುತ್ತಲೇ ಇಲ್ಲ. ಕಡೆಗೆ ತಡೆಯಲಾರದೆ ಪಕ್ಕದಲ್ಲಿದ್ದ ಹೆಂಗಸಿಗೆ ನಾನೇ ಮೊಣಕೈ ಎತ್ತಿ ತೋರಿಸಿ ಎಲ್ಲವನ್ನೂ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ಸರಿ, ಸ್ವಲ್ಪ ಆ ಕಡೆ ಸರೀತೀರಾ? ನಾನು ಕಾಲು ಬಡೀಬೇಕು" ಎಂದಳು.