ಇಪ್ಪತ್ತೊಂದು ತುಂಬದ ವೈನು

ಬ್ರೂಕ್‌ಫೀಲ್ಡ್‌ನ ದ್ರಾಕ್ಷಿವನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಉಪನಿಯಮ ನಲವತ್ತೇಳರ ಪ್ರಕಾರ, ಇಪ್ಪತ್ತೊಂದು ವರ್ಷ ತುಂಬದ ಮದ್ಯವನ್ನು ಆವರಣದೊಳಗೆ ಯಾರೂ ಸೇವಿಸತಕ್ಕದ್ದಲ್ಲ.

ಈ ನಿಯಮ ಜಾರಿಗೆ ಬಂದ ಬಗೆ ಸರಳವಾದದ್ದು. ಸಂಘದ ಕಾರ್ಯದರ್ಶಿ ಸಿದ್ದರಾಮಪ್ಪನವರು 'ಇಪ್ಪತ್ತೊಂದು ವರ್ಷ ತುಂಬದವರು ಮದ್ಯವನ್ನು' ಎಂದೇ ಬರೆದುಕೊಟ್ಟಿದ್ದರು. ಟೈಪಾಗುವಾಗ 'ವರು' ಬಿಟ್ಟುಹೋಯಿತು. ಒಂಬತ್ತು ಜನ ಪದಾಧಿಕಾರಿಗಳು ಅದನ್ನು ಓದದೆ ಸಹಿ ಮಾಡಿದರು. ತಪ್ಪು ಗಮನಕ್ಕೆ ಬಂದ ಮೇಲೆ ತಿದ್ದುಪಡಿಗೆ ಸರ್ವಸದಸ್ಯರ ಸಭೆಯಲ್ಲಿ ಮೂರನೇ ಎರಡರಷ್ಟು ಹಾಜರಾತಿ ಬೇಕೆಂದು ತಿಳಿಯಿತು. ಸಾವಿರದ ನೂರು ಮನೆಗಳ ಆ ಸಮುಚ್ಚಯದಲ್ಲಿ ಅಷ್ಟು ಜನ ಒಂದು ಕಡೆ ಸೇರಿದ್ದು ಲಿಫ್ಟುಗಳೆಲ್ಲ ಒಟ್ಟಿಗೆ ಕೆಟ್ಟ ದಿನ ಮಾತ್ರ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಡತ ನೋಡಿ ನಿವೃತ್ತರಾಗಿದ್ದ ಸಿದ್ದರಾಮಪ್ಪನವರು, ತಪ್ಪನ್ನು ತಿದ್ದುವುದಕ್ಕಿಂತ ಜಾರಿಗೆ ತರುವುದೇ ಸುಲಭವೆಂದು ತೀರ್ಮಾನಿಸಿದರು. ಬಿಯರ್ ಕುಡಿಯುವವರು ಮರುಮಾತಾಡದೆ ಗೇಟಿನಾಚೆ ಹೋದರು. ತೊಂದರೆಯಾದದ್ದು ಈರೇಶನಿಗೆ.

ಈರೇಶ್ ರಾಣೆಬೆನ್ನೂರಿನ ಕಡೆಯವನು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಅದಕ್ಕಿಂತ ದೊಡ್ಡದೊಂದು ಸ್ವಲ್ಪದರಲ್ಲೇ ಕೈಗೆಟುಕದೆ ನಿಂತಿತ್ತು. ಅವನಿಗೆ ನಿಜವಾಗಿ ಇಷ್ಟವಾಗುತ್ತಿದ್ದದ್ದು ಒಗ್ಗರಣೆ ಹಾಕಿದ ಮಜ್ಜಿಗೆ. ಆದರೆ ಆರು ವರ್ಷದ ಹಿಂದೆ ಒಂದು ಪಾರ್ಟಿಯಲ್ಲಿ ಸಿಂಗಪುರದ ಮೇಲಧಿಕಾರಿ ಹರ್ಷವರ್ಧನ್ ಕೆಂಪು ವೈನಿನ ಲೋಟದೊಳಗೆ ಮೂಗಿಟ್ಟು ಕಣ್ಣು ಮುಚ್ಚಿದ್ದನ್ನು, ಪಕ್ಕದಲ್ಲಿ ಇಬ್ಬರು ಹಾಗೆಯೇ ಮೂಗಿಟ್ಟದ್ದನ್ನು, ಆ ಇಬ್ಬರಿಗೂ ಮುಂದಿನ ತಿಂಗಳೇ ಬಡ್ತಿಯಾದದ್ದನ್ನು ಅವನು ನೋಡಿದ್ದ. ಅಂದಿನಿಂದ ವಿದೇಶಕ್ಕೆ ಹೋದಾಗಲೆಲ್ಲ ಇಟಲಿಯ ಒಂದೇ ತೋಟದ, ಬೇರೆಬೇರೆ ವರ್ಷದ ಬಾಟಲಿಗಳನ್ನು ತಂದು ಕೂಡಿಟ್ಟ. ಒಟ್ಟು ಹನ್ನೊಂದಾದವು.

ಅವನ್ನು ಇಡಲು ಮನೆಯಲ್ಲಿ ಜಾಗವಿತ್ತು. ಬಿಲ್ಡರ್ ನಕ್ಷೆಯಲ್ಲಿ 'ಸಹಾಯಕರ ಕೋಣೆ' ಎಂದು ಬರೆದಿದ್ದ ಆರಡಿ ಏಳಡಿಯ ಆ ಗೂಡಿಗೆ ಕಿಟಕಿಯಿರಲಿಲ್ಲ. ಅಡುಗೆ ಮತ್ತು ಮನೆಗೆಲಸದ ರುದ್ರಮ್ಮ ಅಲ್ಲಿ ಎರಡು ವರ್ಷ ಮಲಗಿ ಉಸಿರುಕಟ್ಟುತ್ತದೆಂದು ಹೇಳಿದ್ದಳು. ಏನೂ ಮಾಡಲು ಬರುವುದಿಲ್ಲವೆಂದು ಈರೇಶ್ ಹೇಳಿದ್ದ. ವೈನು ಬಂದ ಮೇಲೆ ಏಸಿ ಬಂತು, ತೇವಾಂಶದ ಯಂತ್ರ ಬಂತು, ಹದಿಮೂರು ಡಿಗ್ರಿ ಮೀರಿದರೆ ಫೋನಿಗೆ ಸಂದೇಶ ಕಳಿಸುವ ಮೀಟರ್ ಬಂತು. ರುದ್ರಮ್ಮನ ಹಾಸಿಗೆ ವಾಷಿಂಗ್ ಮಷೀನಿನ ಪಕ್ಕಕ್ಕೆ ಹೋಯಿತು.

ಹರ್ಷವರ್ಧನ್ ಬೆಂಗಳೂರಿಗೆ ಬರುವ ದಿನ ನಿಗದಿಯಾದಾಗ, ಹಳೆಯ ವೈನುಗಳನ್ನು ಸಾಲಾಗಿಟ್ಟು ಹೋಲಿಸಿ ನೋಡುವ ಕೂಟವೊಂದನ್ನು ಈರೇಶ್ ಮನೆಯಲ್ಲೇ ಏರ್ಪಡಿಸಿ, ಅತಿಥಿಗಳ ಪ್ರವೇಶಕ್ಕೆ ಗೇಟಿನ ಆ್ಯಪಿನಲ್ಲಿ 'ವೈನ್ ಕೂಟ' ಎಂದು ಕಾರಣ ಬರೆದು ಅರ್ಜಿ ಹಾಕಿದ. ಹತ್ತು ನಿಮಿಷದಲ್ಲಿ ಸಂಘದ ಕಚೇರಿಯಿಂದ ಕರೆ ಬಂತು.

"ಬಾಟಲಿ ಎಷ್ಟಿವೆ?" ಸಿದ್ದರಾಮಪ್ಪನವರು ಕೇಳಿದರು.

"ಹನ್ನೊಂದು ಸಾರ್. ತೊಂಬತ್ತೊಂಬತ್ತನೇ ಇಸವಿಯಿಂದ ಹದಿನಾಲ್ಕರವರೆಗೆ."

"ಅಂದ್ರೆ ಕೆಲವು ಅಪ್ರಾಪ್ತ."

"ಸಾರ್, ಅದು ಟೈಪಿಂಗ್ ಮಿಸ್ಟೇಕ್ ಅಂತ ಎಲ್ರಿಗೂ ಗೊತ್ತು."

"ಗೊತ್ತಿರೋದು ಬೇರೆ, ಗೊತ್ತುವಳಿ ಬೇರೆ. ವಯಸ್ಸಿಗೆ ದಾಖಲೆ ಏನಿದೆ?"

"ಲೇಬಲ್ ಮೇಲೆ ಇಸವಿ ಇದೆಯಲ್ಲ ಸಾರ್."

"ಅದು ದ್ರಾಕ್ಷಿ ಕೊಯ್ದ ವರ್ಷ. ಹಣ್ಣಿನ ವಯಸ್ಸು ನಮಗ್ಯಾಕೆ? ವೈನು ಹುಟ್ಟಿದ್ದು ಯಾವತ್ತು?"

ಅಂದೇ ಸಂಜೆ ಎಲ್ಲ ಲಿಫ್ಟುಗಳಲ್ಲೂ ಪ್ರಕಟಣೆ ಅಂಟಿತು:

'ಬಿ-೧೨೦೩ರಲ್ಲಿ ವಾಸವಿರುವ ಹನ್ನೊಂದು ಬಾಟಲಿಗಳ ವಯೋನಿರ್ಣಯಕ್ಕಾಗಿ ಮೂವರ ಉಪಸಮಿತಿ ರಚಿಸಲಾಗಿದೆ. ಯಾವುದೇ ಬಾಟಲಿಯ ವಯಸ್ಸನ್ನು ಅದರ ಸಮೀಪದ ವರ್ಷದ ಇನ್ನೊಂದು ಬಾಟಲಿಯೊಡನೆ ಹೋಲಿಸಿ, ರುಚಿಯ ಮೂಲಕ ಮಾತ್ರ ನಿರ್ಧರಿಸತಕ್ಕದ್ದು. ತೆರೆದ ಬಾಟಲಿಯನ್ನು ಉಳಿಸಿದಲ್ಲಿ ಗಾಳಿ ತಗುಲಿ ವಯಸ್ಸು ಬದಲಾಗುವ ಸಂಭವವಿರುವುದರಿಂದ ಪೂರ್ಣ ಪರಿಶೀಲನೆ ಕಡ್ಡಾಯ. ಅರ್ಜಿದಾರರು ಹಿತಾಸಕ್ತಿ ಹೊಂದಿರುವ ಕಾರಣ ರುಚಿ ನೋಡತಕ್ಕದ್ದಲ್ಲ.'

ಸಮಿತಿಗೆ ಸಿದ್ದರಾಮಪ್ಪನವರೇ ಅಧ್ಯಕ್ಷರಾದರು. ಎರಡನೆಯವರು ಹನುಮಂತರಾಯಪ್ಪ. ಅಪಾರ್ಟ್‌ಮೆಂಟ್ ನಿಂತಿದ್ದ ಎಂಟೆಕರೆ ಒಂದು ಕಾಲಕ್ಕೆ ಅವರ ದ್ರಾಕ್ಷಿ ತೋಟ; ಬಳ್ಳಿಗಳನ್ನು ಕಿತ್ತು ಹಾಕಿದ ನೆನಪಿಗೆ ಬಿಲ್ಡರ್ ಆ ಹೆಸರಿಟ್ಟಿದ್ದ. ಈಗ ಅವರು ಇಪ್ಪತ್ತಾರು ಫ್ಲ್ಯಾಟುಗಳ ಮಾಲೀಕರಾದ್ದರಿಂದ ಎಲ್ಲ ಸಮಿತಿಗಳ ಕಾಯಂ ಸದಸ್ಯರು. ಮೂರನೆಯವಳು ಏಳನೇ ಮಹಡಿಯ ಕೃಪಾ. ಜಾಹೀರಾತು ಕಂಪನಿಯಲ್ಲಿದ್ದ ಅವಳು ಎರಡು ದಿನದ ಆನ್‌ಲೈನ್ ವೈನ್ ಕೋರ್ಸ್ ಮುಗಿಸಿದ್ದಳು. ಕೋರ್ಸು ಆನ್‌ಲೈನ್ ಆದ್ದರಿಂದ ವೈನು ಕುಡಿದಿರಲಿಲ್ಲ.

ಅಪ್ರಾಪ್ತವೆಂದು ತಿಳಿಯಲು ರುಚಿ ನೋಡಬೇಕು, ಅಪ್ರಾಪ್ತವಾದರೆ ರುಚಿ ನೋಡಬಾರದು ಎಂಬ ತೊಡಕನ್ನು ಸಿದ್ದರಾಮಪ್ಪನವರು ಕ್ಷಣದಲ್ಲಿ ಬಿಡಿಸಿದರು: ಅತಿ ಹಳೆಯದರಿಂದ ಶುರುಮಾಡಿ ಕೆಳಗಿಳಿಯುವುದು.

ಮೊದಲ ಬೈಠಕ್ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಈರೇಶನ ಊಟದ ಮೇಜಿನ ಸುತ್ತ ನಡೆಯಿತು. ತೊಂಬತ್ತೊಂಬತ್ತರ ಬಾಟಲಿಯನ್ನು ಅವನು ಪ್ರತಿ ಭಾನುವಾರ ತಾನೇ ಒರೆಸುತ್ತಿದ್ದ. ರುದ್ರಮ್ಮನ ಕೈಗೆ ಕೊಟ್ಟವನಲ್ಲ. ಈಗ ಬಿರಡೆಯನ್ನೂ ತಾನೇ ಬಿಚ್ಚಿದ. ತಳದ ಗಸಿ ಕದಡದಂತೆ ಗಾಜಿನ ಹೂಜಿಗೆ ಬಗ್ಗಿಸಿ, ಮೂರು ಲೋಟಕ್ಕೆ ಸುರಿದ. ಕೃಪಾ ಬಿಳಿ ಹಾಳೆಯ ಮೇಲೆ ಲೋಟವನ್ನು ಓರೆಯಾಗಿ ಹಿಡಿದು, ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆಯೆಂದೂ, ಹಳೆಯ ಚರ್ಮದ ಚೀಲ ಮತ್ತು ಒಣ ಅಂಜೂರದ ವಾಸನೆ ಬರುತ್ತಿದೆಯೆಂದೂ ಘೋಷಿಸಿದಳು.

"ಸಾರ್, ನಾನೊಂಚೂರು ಮೂಸಿ ನೋಡ್ಲಾ?" ಈರೇಶ್ ಕೇಳಿದ.

ಸಿದ್ದರಾಮಪ್ಪನವರು ಯೋಚಿಸಿ ಎರಡಡಿ ದೂರದಿಂದ ಮೂಸಲು ಅನುಮತಿ ಕೊಟ್ಟರು. ಎರಡಡಿ ದೂರದಲ್ಲಿ ಹನುಮಂತರಾಯಪ್ಪನವರ ಬಾಯಿಂದ ಬರುತ್ತಿದ್ದ ಕೋಡುಬಳೆಯ ವಾಸನೆ ಮಾತ್ರವಿತ್ತು.

"ನಿಮಗೆ ಎಂಗೈತೆ ಗೌಡ್ರೇ?" ಅಧ್ಯಕ್ಷರು ಸಲುಗೆಯಿಂದ ಕೇಳಿದರು.

"ಇಂಗೇ ಇತ್ತು ಕಣ್ರೀ ನಮ್ ತ್ವಾಟ," ಎಂದರು ಹನುಮಂತರಾಯಪ್ಪ. "ಹಣ್ಣು ಮಾರೋಗ್ದೆ ಗುಡ್ಡೆ ಬಿದ್ದು ಕೊಳೆತೋಗ್ತಿತ್ತಲ್ಲ, ಇದೇ ವಾಸ್ನೆ. ಆಗ ದನಕ್ಕೂ ಆಕ್ತಿರ್ಲಿಲ್ಲ. ಇನ್ನೊಂಚೂರು ಬಿಡಿ."

'ಸದಸ್ಯರು ಮಣ್ಣಿನ ಮೂಲಗುಣವನ್ನು ಖಚಿತವಾಗಿ ಗುರುತಿಸಿದರು' ಎಂದು ನಡಾವಳಿಯಲ್ಲಿ ದಾಖಲಾಯಿತು. ತೊಂಬತ್ತೊಂಬತ್ತು ಮತ್ತು ಎರಡು ಸಾವಿರದ ಬಾಟಲಿಗಳು ವಯಸ್ಕವೆಂದು ಒಮ್ಮತದಿಂದ ತೀರ್ಮಾನವಾಗುವಷ್ಟರಲ್ಲಿ ಎರಡೂ ಖಾಲಿಯಾಗಿದ್ದವು. ಖಾಲಿ ಬಾಟಲಿಗಳ ಕೊರಳಿಗೆ ಮೊಹರು ಹಾಕಿದ ಪ್ರಮಾಣಪತ್ರ ಕಟ್ಟಲಾಯಿತು. ಬುಧವಾರ ಎರಡನೇ ಬೈಠಕ್, ಶುಕ್ರವಾರ ಮೂರನೆಯದು. ಪ್ರತಿ ಗುಟುಕಿಗೂ ಈರೇಶನ ಗಂಟಲು ತಾನಾಗಿ ಚಲಿಸುತ್ತಿತ್ತು.

"ನಿನ್ನ ಪ್ರಮೋಷನ್ನು ಅವರು ಚಪ್ಪರಿಸ್ತಾ ಇದಾರೆ, ನೀನು ಟಿಶ್ಯೂ ಕೊಡ್ತಾ ಇದೀಯ," ಎಂದಳು ಹೆಂಡತಿ ಸೌಮ್ಯಾ.

ಶುಕ್ರವಾರ ಎರಡು ಸಾವಿರದ ನಾಲ್ಕರ ಬಾಟಲಿ ಮುಗಿಯುತ್ತಿದ್ದಂತೆ ಸಿದ್ದರಾಮಪ್ಪನವರು ಬೆರಳು ಮಡಚಿ, ಮುಂದಿನ ಐದೂ ಅಪ್ರಾಪ್ತವೆಂದು ಘೋಷಿಸಿದರು.

ಈರೇಶ್ ಮೊದಲ ಬಾರಿಗೆ ದನಿ ಎತ್ತಿದ. "ಬೆರಳಲ್ಲಿ ಎಣಿಸೋದಾಗಿದ್ರೆ ಮೊದಲಿನ ಆರನ್ನೂ ಎಣಿಸಬಹುದಿತ್ತಲ್ಲ ಸಾರ್!"

"ಎಣಿಕೆ ಅಪ್ರಾಪ್ತರಿಗೆ. ಪ್ರಾಪ್ತರಿಗೆ ರುಚಿ," ಎಂದರು ಸಿದ್ದರಾಮಪ್ಪನವರು, ತುಟಿ ಒರೆಸಿಕೊಳ್ಳುತ್ತ.

ಹೀಗೆ ಅಪ್ರಾಪ್ತರೆಂದಾದ ಮೇಲೆ ಅವರನ್ನು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಬಿಡುವುದು ಸಂಘದ ಮಕ್ಕಳ ಸುರಕ್ಷತಾ ನಿಯಮಕ್ಕೆ ವಿರುದ್ಧವಾಗಿತ್ತು. ಪಾಲಕರೊಬ್ಬರು ಜೊತೆಗಿರಬೇಕು. ರುದ್ರಮ್ಮನ ಹಾಸಿಗೆ ವಾಷಿಂಗ್ ಮಷೀನಿನ ಪಕ್ಕದಿಂದ ಹದಿಮೂರು ಡಿಗ್ರಿಯ ಕೋಣೆಗೆ ಮರಳಿತು. ಕೊರಳಿಗೆ 'ಪಾಲಕಿ' ಎಂಬ ಕಾರ್ಡು ಬಂತು.

"ಇವು ರಾತ್ರಿ ಏಳ್ತಾವೇನ್ರೀ?" ಅವಳು ಸೌಮ್ಯಾಳನ್ನು ಕೇಳಿದಳು.

"ಇಲ್ಲ. ನೀನು ಅಲುಗಾಡಬಾರದು ಅಷ್ಟೆ."

"ಥಂಡಿ ಭಾಳ ಐತ್ರೀ ಅಕ್ಕಾರ. ಒಂದೀಟು ಬೆಚ್ಚಗ ಮಾಡ್ರಿ."

ಮನವಿ ಸಮಿತಿಯ ಮುಂದೆ ಹೋಯಿತು. ಅಪ್ರಾಪ್ತರ ಆರೋಗ್ಯದ ದೃಷ್ಟಿಯಿಂದ ಉಷ್ಣಾಂಶ ಏರಿಸಲಾಗದೆಂದು ಉತ್ತರ ಬಂತು. ಮೂರನೇ ದಿನ ರುದ್ರಮ್ಮನಿಗೆ ಕೆಮ್ಮು ಶುರುವಾಯಿತು. ಕೆಮ್ಮಿನ ಕಂಪನದಿಂದ ಬಾಟಲಿಗಳ ಗಸಿ ಕದಡುವುದರಿಂದ ಪಾಲಕಿಯು ಕೆಮ್ಮು ಬಂದಾಗ ಹೊರಗೆ ಹೋಗಿ ಕೆಮ್ಮಿ ಬರತಕ್ಕದ್ದೆಂದು ಇನ್ನೊಂದು ಆದೇಶವೂ ಬಂತು. ಅವಳು ಎದ್ದು ಹೋಗಿ ಕೆಮ್ಮಿ ಬರುತ್ತಿದ್ದಳು.

ಹರ್ಷವರ್ಧನ್ ಬರುವ ಹಿಂದಿನ ದಿನ ಈರೇಶ್ ಸಂಘದ ಕಚೇರಿಯಲ್ಲಿ ಹೆಚ್ಚುಕಡಿಮೆ ಅತ್ತೇಬಿಟ್ಟ. ಕುಡಿಯಬಹುದಾದದ್ದು ಖಾಲಿಯಾಗಿದೆ, ಖಾಲಿಯಾಗದ್ದನ್ನು ಕುಡಿಯುವಂತಿಲ್ಲ, ಈಗ ನಾನೇನು ಮಾಡಲಿ ಎಂದು ಕೇಳಿದ.

ಸಿದ್ದರಾಮಪ್ಪನವರಿಗೆ ಅವನ ಸಂಕಟವೇ ಅರ್ಥವಾಗಲಿಲ್ಲ. "ಪ್ರಮಾಣಪತ್ರ ಇದೆಯಲ್ಲಪ್ಪ. ಇನ್ನೇನು ಬೇಕು?"

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಹರ್ಷವರ್ಧನ್ ಬಂದರು. ಜೊತೆಗೆ ಈರೇಶನ ಸಹೋದ್ಯೋಗಿ ಮನು, ವೀಕ್ಷಕರಾಗಿ ಸಿದ್ದರಾಮಪ್ಪನವರು. ಮೇಜಿನ ಮೇಲೆ ಆರು ಬಾಟಲಿಗಳು ಮೊಹರು ಸಮೇತ ಸಾಲಾಗಿದ್ದವು. ಈರೇಶ್ ತೊಂಬತ್ತೊಂಬತ್ತನ್ನು ಎರಡು ಕೈಯಲ್ಲಿ ಎತ್ತಿ, ಗಸಿ ಕದಡದಂತೆ ನಿಧಾನವಾಗಿ ಲೋಟಕ್ಕೆ ಬಗ್ಗಿಸಿದ. ಏನೂ ಬೀಳಲಿಲ್ಲ. ಹರ್ಷವರ್ಧನ್ ಲೋಟ ನೋಡಿದರು. ಬಾಟಲಿ ನೋಡಿದರು. ಪ್ರಮಾಣಪತ್ರ ತಿರುಗಿಸಿ ಓದಿದರು: ರುಚಿಗೆ ನೂರಕ್ಕೆ ತೊಂಬತ್ತನಾಲ್ಕು ಅಂಕ, ಮೂವರ ಸಹಿ.

ಹರ್ಷವರ್ಧನ್ ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದರು.

"ಬಣ್ಣ ಅಂಚಿಂದ ಪೂರ್ತಿ ಹೋಗಿದೆ," ಎಂದರು. "ನಿಜವಾದ ಹಳೇ ವೈನು ಅಂದ್ರೆ ಹೀಗಿರ್ಬೇಕು."

"ಸಕ್ಕತ್ತಾಗಿದೆ ಸಾರ್," ಎಂದ ಮನು, ತನ್ನ ಲೋಟದಿಂದ ಒಂದು ಗುಟುಕು ಹೀರಿ. "ಎಷ್ಟು ಹಗುರ! ನಾಲಿಗೆ ಮೇಲೆ ಇದೆ ಅಂತಾನೇ ಗೊತ್ತಾಗಲ್ಲ."

ಆರನ್ನೂ ಹೋಲಿಸಿದರು. ತೊಂಬತ್ತೊಂಬತ್ತು ಸೂಕ್ಷ್ಮವೆಂದೂ, ಎರಡು ಸಾವಿರದ ಮೂರು ತುಸು ಭಾರವೆಂದೂ, ಎರಡು ಸಾವಿರದ ನಾಲ್ಕು ಇನ್ನೂ ಒರಟು, ಬಾಯಿ ಒಣಗಿಸುತ್ತದೆಂದೂ ಹರ್ಷವರ್ಧನ್ ಬರೆದುಕೊಂಡರು. ಬಾಯಿ ನಿಜಕ್ಕೂ ಒಣಗಿತ್ತು. ಮನು ಎರಡು ಸಾವಿರದ ಒಂದನ್ನು ಇನ್ನೊಮ್ಮೆ ಹಾಕಿಸಿಕೊಂಡ. ಐದೂವರೆಗೆ ಹರ್ಷವರ್ಧನ್ ಈರೇಶನ ಹೆಗಲ ಮೇಲೆ ಕೈಯಿಟ್ಟು, ಹೊಸ ಹುದ್ದೆಯ ಪತ್ರ ಸೋಮವಾರ ಬರುತ್ತದೆಂದರು. ಹೊರಡುವಾಗ ಸಿದ್ದರಾಮಪ್ಪನವರು, ಕುಡಿದು ಗಾಡಿ ಓಡಿಸುವುದು ಸಂಘದ ನಿಯಮಕ್ಕೆ ವಿರುದ್ಧವೆಂದು ನೆನಪಿಸಿದರು. ಹರ್ಷವರ್ಧನ್ ತಪ್ಪೊಪ್ಪಿಕೊಂಡು ಬಾಡಿಗೆ ಡ್ರೈವರ್ ಕರೆಸಿದರು. ಮನು ಗೋಡೆ ಹಿಡಿದುಕೊಂಡು ಲಿಫ್ಟಿನವರೆಗೆ ಹೋದ.

ಸೌಮ್ಯಾ ಲೋಟಗಳನ್ನೆಲ್ಲ ಸಿಂಕಿನಲ್ಲಿಟ್ಟು, ಬಿಸಿನೀರಲ್ಲಿ ತೊಳೆಯಲು ಹೇಳಿದಳು. ರುದ್ರಮ್ಮ ಹೊರಗೆ ಹೋಗಿ ಕೆಮ್ಮಿ ಬಂದು, ಒಂದೊಂದನ್ನೇ ಉಜ್ಜಿ ತೊಳೆದು, ಒರೆಸಿ, ದೀಪಕ್ಕೆ ಹಿಡಿದು ನೋಡಿದಳು.

"ಇದೊಂದ್ರಾಗ ಇನ್ನೂ ಸ್ವಲ್ಪ ಉಳದೈತ್ರೀ ಅಕ್ಕಾರ," ಎಂದು ಅದನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದಳು.